ಗುಲಾಮನಿಗೆ ಒಂದೇ ಪಾಯಿಂಟು

ನಮ್ಮ ಆಫೀಸು ಹಲಸೂರಿನಲ್ಲಿತ್ತು, ಕೆರೆ ದಾಟಿದ ಮೇಲೆ. ಮಧ್ಯಾಹ್ನ ಊಟದ ಹೊತ್ತಿಗೆ ಎರಡನೇ ಮಹಡಿಯ ರಿಕ್ರಿಯೇಷನ್ ಕ್ಲಬ್ಬಿನಲ್ಲಿ ಗಂಡಸರು ಇಸ್ಪೀಟೆಲೆಯಲ್ಲಿ ಬ್ರಿಜ್ ಆಡೋರು. ನಾವು ಹೆಂಗಸರು ಪಕ್ಕದ ರೂಮಿನಲ್ಲಿ ಡಬ್ಬಿ ಬಿಚ್ಚಿಕೊಂಡು, ಪಲ್ಯ ಹಂಚಿಕೊಂಡು, ಸೀರೆ ಕಂತಿನ ಮಾತಾಡಬೇಕು. ಹಾಗಂತ ಯಾರೂ ಬೋರ್ಡು ಬರೆಸಿ ಹಾಕಿರಲಿಲ್ಲ, ಆದರೆ ನಡೆದುಕೊಂಡು ಬಂದದ್ದು ಹಾಗೇ. ನನಗೋ ಸೀರೆಯ ಮಾತು ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಆಮೇಲೆ ಕಿವಿಯೆಲ್ಲ ಪ್ಲೈವುಡ್ ಗೋಡೆಯ ಆ ಕಡೆಗೇ. "ಟೂ ಹಾರ್ಟ್ಸ್!" "ಡಬಲ್!" "ಅಯ್ಯೋ, ಏನ್ ಸ್ವಾಮಿ ಇದು, ರಾಣಿ ಹಾಕೋದು ಬಿಟ್ಟು!" ಇಷ್ಟು ಸಂಭ್ರಮ ಪಡೋಕೆ ಅಲ್ಲೇನಿದೆ ಅಂತ ತಿಳಿಯದೆ ನನ್ನ ಹೊಟ್ಟೆ ಉರಿದುಹೋಗುತ್ತಿತ್ತು.

ಒಂದು ದಿನ ತಡೆಯಲಾರದೆ ಒಳಗೆ ಹೋಗಿ ಒಬ್ಬರ ಕುರ್ಚಿಯ ಹಿಂದೆ ನಿಂತೆ. ಕ್ಲಬ್ಬಿನ ಸೆಕ್ರೆಟರಿ ನಮ್ಮ ಸೆಕ್ಷನ್ನಿನ ಸೂಪರಿಂಟೆಂಡೆಂಟೇ. ಹಲಸೂರಿನಲ್ಲೇ ಹುಟ್ಟಿ ಬೆಳೆದ ತಮಿಳರು, ಯಾವಾಗಲೂ ಇಸ್ತ್ರಿ ಮುರಿಯದ ಅಂಗಿ. ಎಲೆಗಳಿಂದ ಕಣ್ಣೆತ್ತದೆಯೇ ಹೇಳಿದರು, "ಮೇಡಂ, ಇದು ರಮ್ಮಿ ಅಲ್ಲ. ಕಲಿಯೋಕೆ ವರ್ಷಗಟ್ಟಲೆ ಬೇಕು. ಊಟ ಆಯ್ತಾ ನಿಮ್ದು?"

ಊಟ ಆಯ್ತಾ ಅಂತೆ! ಬಂದ ಹಾಗೇ ವಾಪಸ್ ಹೋಗಿ ಡಬ್ಬಿ ಮುಚ್ಚಳ ಎಷ್ಟು ಜೋರಾಗಿ ಹಾಕಿದೆನೆಂದರೆ ಪಕ್ಕದಲ್ಲಿದ್ದ ಟೈಪಿಸ್ಟು ಬೆಚ್ಚಿಬಿದ್ದಳು. ವರ್ಷಗಟ್ಟಲೆ ಬೇಕೋ ಏನು ಬೇಕೋ ನೋಡೇಬಿಡೋಣ ಅನ್ನಿಸಿತು.

ಆಗಷ್ಟೇ ರಾಮಮೂರ್ತಿ ನಗರದ ನಮ್ಮ ಬಾಡಿಗೆ ಮನೆಗೆ ಕಂಪ್ಯೂಟರ್ ಬಂದಿತ್ತು. ಮಗಳ ಓದಿಗೆ ಅಂತ ನಮ್ಮ ಯಜಮಾನರು ಜೋಡಿಸಿ ತಂದದ್ದು. ಮಗಳು ಅದರಲ್ಲಿ ಬಣ್ಣ ಬಳಿಯೋದು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಇಂಟರ್ನೆಟ್ಟಿಗೆ ಫೋನಿನ ವೈರು ಸಿಕ್ಕಿಸಬೇಕು. ಅದು ಕುಂಯ್ ಕುಂಯ್ ಅಂತ ಕೂಗಿ, ಕೆಮ್ಮಿ, ಕೊನೆಗೆ ಸೇರಿಕೊಳ್ಳುವುದು. ಅಷ್ಟು ಹೊತ್ತು ಮನೆಗೆ ಯಾರ ಫೋನೂ ಬರುವಂತಿಲ್ಲ. ಬ್ರಿಜ್ ಕಲಿಸುವ ಒಂದು ಪಾಠ ಅಲ್ಲಿ ಪುಕ್ಕಟೆ ಸಿಕ್ಕಿತು. ಪರದೆಯ ಮೇಲೆ ಹದಿಮೂರು ಎಲೆ ತೋರಿಸಿ, ಈಗ ಏನು ಹೇಳುತ್ತೀ ಅಂತ ಕೇಳುವುದು. ತಪ್ಪು ಒತ್ತಿದರೆ ಕೆಂಪಕ್ಷರದಲ್ಲಿ ಇನ್ನೊಮ್ಮೆ ಯೋಚಿಸಿ ಅನ್ನುವುದು, ಸರಿಯಾದರೆ ಹಸಿರು. ಎಂಥ ಮರ್ಯಾದಸ್ಥ ಮೇಷ್ಟ್ರು ಅಂತೀರಿ! ಹತ್ತು ಸಲ ತಪ್ಪಿದರೂ ಊಟ ಆಯ್ತಾ ಅಂತ ಕೇಳಲಿಲ್ಲ.

ಆಟ ತಿಳಿಯದವರಿಗೆ ಎರಡು ಮಾತು. ನಾಲ್ಕು ಜನ, ಎದುರುಬದುರು ಕೂತವರು ಜೊತೆ. ಒಬ್ಬೊಬ್ಬರು ಒಂದೊಂದು ಎಲೆ ಇಟ್ಟು ದೊಡ್ಡದು ಗೆದ್ದರೆ ಒಂದು ಟ್ರಿಕ್ಕು, ಗೆದ್ದವರೇ ಮುಂದಿನ ಸುತ್ತಿಗೆ ಮೊದಲ ಎಲೆ ಹಾಕಬೇಕು. ಇಂಥಿಷ್ಟು ಟ್ರಿಕ್ಕು ಹೊಡೀತೀವಿ, ಇಸ್ಪೀಟು, ಆಟೀನು ಅಂದರೆ ಹಾರ್ಟ್ಸ್, ಡೈಮಂಡ್, ಕಳಾವರ ಈ ನಾಲ್ಕರಲ್ಲಿ ಇಂಥ ಜಾತಿ ತುರುಪು ಅಂತ ಮೊದಲೇ ಹೇಳಬೇಕು. ಹೇಳಿದಷ್ಟು ಹೊಡೆದರೆ ಗೆಲುವು, ಒಂದು ಕಮ್ಮಿಯಾದರೂ ಸೋಲು. ಯಾವ ಜಾತಿ ಬಿದ್ದಿದೆಯೋ ಆ ಜಾತಿ ಕೈಯಲ್ಲಿದ್ದರೆ ಅದನ್ನೇ ಹಾಕಬೇಕು. ಇನ್ನೊಂದು ವಿಚಿತ್ರ ಏನಂದರೆ, ಎಲ್ಲರಿಗಿಂತ ಹೆಚ್ಚು ಹೇಳಿ ಆಟ ಪಡೆದವರ ಜೊತೆಗಾರ ತನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಡಿಸಿಟ್ಟು ಬಾಯಿ ಮುಚ್ಚಿಕೊಂಡು ಕೂರಬೇಕು. ಅವನ ಹೆಸರು ಡಮ್ಮಿ. ಅವನ ಎಲೆಗಳನ್ನೂ ಜೊತೆಗಾರನೇ ಆಡುತ್ತಾನೆ.

ಕೆಲವು ತಿಂಗಳಲ್ಲಿ ನಾನು ಪಾಠ ಮುಗಿಸಿ, ನೆಟ್ಟಿನಲ್ಲೇ ಯಾವ ಯಾವುದೋ ದೇಶದವರ ಜೊತೆ ಆಡುವಷ್ಟಾದೆ. ತಪ್ಪು ಆಡಿದರೆ ಅರ್ಧಕ್ಕೇ ಎದ್ದುಹೋಗುವವರಿದ್ದರು. ಅಂಥವರಿಗೆ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಬೈದು ಕಳಿಸುತ್ತಿದ್ದೆ. ಅವರು ಥ್ಯಾಂಕ್ಸ್ ಅನ್ನೋರು.

ಧೈರ್ಯ ಬಂತು. ಕ್ಲಬ್ಬಿನಲ್ಲಿ ಒಬ್ಬರು ರಜೆ ಹಾಕಿದ್ದ ದಿನ ನಾನೇ ಹೋಗಿ, "ನಾಲ್ಕನೆಯವರು ಬೇಕಲ್ವಾ, ನಾನಿದ್ದೀನಿ" ಅಂದೆ. ಬೇರೆ ದಾರಿ ಇಲ್ಲದೆ ಕೂರಿಸಿಕೊಂಡರು. ಎಲೆ ಹಂಚಿದರು. ಅಲ್ಲೇ ಎಡವಟ್ಟಾಯಿತು ನೋಡಿ. ನಾನು ಅದುವರೆಗೆ ಎಂದೂ ಹದಿಮೂರು ಎಲೆಗಳನ್ನು ಕೈಯಲ್ಲಿ ಹಿಡಿದೇ ಇರಲಿಲ್ಲ! ಕಂಪ್ಯೂಟರಿನಲ್ಲಿ ಎಲ್ಲ ಜಾತಿವಾರು ಜೋಡಿಸಿಕೊಂಡು ಸಾಲಾಗಿ ನಿಂತಿರುತ್ತವೆ. ಹಾಕಬಾರದ ಎಲೆ ಒತ್ತಿದರೆ ಅದು ಜಪ್ಪಯ್ಯ ಅಂದರೂ ಕದಲುವುದಿಲ್ಲ. ಇಲ್ಲಿ ಎಲೆಗಳು ಬೆರಳ ಸಂದಿಯಿಂದ ಜಾರುತ್ತಿವೆ, ಕೆಂಪಿನ ಪಕ್ಕ ಕೆಂಪು ಬಂದು ಕೂತಿದೆ. ಡೈಮಂಡ್ ಬಿತ್ತು. ನನ್ನ ಹತ್ತಿರ ಡೈಮಂಡ್ ಇಲ್ಲ ಅಂದುಕೊಂಡು ಗತ್ತಿನಿಂದ ತುರುಪು ಹಾಕಿ ಟ್ರಿಕ್ಕು ಎಳೆದುಕೊಂಡೆ. ನಾಲ್ಕು ಸುತ್ತು ಕಳೆದ ಮೇಲೆ ಆಟೀನಿನ ಬೆನ್ನಿಗೆ ಅಂಟಿಕೊಂಡಿದ್ದ ಡೈಮಂಡ್ ಐದು ಹೊರಗೆ ಬಂತು.

ದಂಡಕ್ಕೆ ಟ್ರಿಕ್ಕು ಹೋಯಿತು, ಆಟವೂ ಹೋಯಿತು. ಸೆಕ್ರೆಟರಿ ಎಲೆಗಳನ್ನು ಕೂಡಿಸುತ್ತಾ ಬಹಳ ಮೃದುವಾಗಿ ಹೇಳಿದರು, "ನೀವು ಕಂಪ್ಯೂಟರಲ್ಲೇ ಆಡ್ಕೊಳ್ಳಿ ಮೇಡಂ. ಅದಕ್ಕೆ ನಮಗಿಂತ ತಾಳ್ಮೆ ಜಾಸ್ತಿ." ಎಲ್ಲರೂ ನಕ್ಕರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಗುವವರಿಗೆ ಏನು ಹೇಳುವುದು? ನನಗೆ ಅಳು ಬಂತು, ಅತ್ತರೆ ಇನ್ನೂ ನಗುತ್ತಾರೆ ಅಂತ ಸಿಟ್ಟು ಬಂತು.

"ಸರ್, ಆನ್ಯುಯಲ್ ಡೇ ದಿನ ಕಾಂಪಿಟಿಷನ್ ಇದೆಯಲ್ಲ, ಅದಕ್ಕೆ ನನ್ನ ಹೆಸರು ಬರ್ಕೊಳ್ಳಿ" ಅಂದೆ.

"ಪಾರ್ಟ್ನರ್ ಯಾರು?" ಅಂದರು. ಮೇಜಿನ ಸುತ್ತ ಇದ್ದವರೆಲ್ಲ ಇದ್ದಕ್ಕಿದ್ದಂತೆ ಫ್ಯಾನು ನೋಡತೊಡಗಿದರು. "ಮನೆಯವರನ್ನೂ ಕರ್ಕೊಂಡು ಬರಬಹುದು, ರೂಲ್ಸ್ ಇದೆ" ಅಂತ ಅವರೇ ಸೇರಿಸಿದರು.

"ಬರ್ತೀನಿ. ಗೆದ್ದರೆ ಈ ಮೇಜಲ್ಲಿ ನನಗೊಂದು ಖಾಯಂ ಕುರ್ಚಿ. ಸೋತರೆ ಈ ಬಾಗಿಲ ಕಡೆ ತಿರುಗಿ ಕೂಡ ನೋಡಲ್ಲ."

"ಗೆಲ್ಲಿ ಮೇಡಂ, ಕುರ್ಚಿ ನಾನೇ ಎಳೆದು ಹಾಕ್ತೀನಿ" ಅಂತ ಅವರು ಮತ್ತೆ ನಕ್ಕರು.

ಬಾಯಿಗೆ ಬಂದದ್ದು ಹೇಳಿಬಿಟ್ಟಿದ್ದೆ. ಮನೆಗೆ ಹೋಗುವಾಗ ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ಅಲುಗಾಡದೆ ನಿಂತಾಗ ತಲೆ ತಣ್ಣಗಾಯಿತು. ಮನೆಯವರು ಅಂದರೆ ಯಾರು? ಯಜಮಾನರಿಗೆ ಇಸ್ಪೀಟು ಹಿಡಿದರೆ ಆಕಳಿಕೆ ಬರುತ್ತದೆ. ಮಗಳಿಗೆ ಏಳು ವರ್ಷ. ಇನ್ನು ಉಳಿದವರು ನಮ್ಮತ್ತೆ.

ನಮ್ಮತ್ತೆಯ ವಿಷಯ ಹೇಳಬೇಕು. ರಾಣೆಬೆನ್ನೂರು ಕಡೆಯವರು, ನನ್ನ ಮಗಳನ್ನು ನೋಡಿಕೊಳ್ಳೋಕೆ ಅಂತ ನಮ್ಮ ಜೊತೆ ಇದ್ದರು. ನಾನು ದಾವಣಗೆರೆಯವಳು. ಇಬ್ಬರಿಗೂ ಬಾಯಿ ಜೋರು, ಆದರೆ ಇಬ್ಬರೂ ಮಾತಾಡುತ್ತಿರಲಿಲ್ಲ. ಜಗಳ ಅಂತಲ್ಲ, ಮದುವೆಯಾದಾಗಿನಿಂದ ಅವರದು ಅದೇ ಪದ್ಧತಿ. ನನಗೆ ಹೇಳಬೇಕಾದ್ದನ್ನು ಮಗನಿಗೆ ಹೇಳೋರು. ನಾನು ಎದುರಿಗೇ ಇದ್ದರೂ, "ಆಕಿಗೆ ಹೇಳೋ, ಪಲ್ಯಾಕ್ಕ ಉಪ್ಪು ಕಡಿಮಿ ಆಗೇತಿ." ಮಗ ಮನೆಯಲ್ಲಿಲ್ಲದಿದ್ದರೆ ಗೋಡೆಗೆ ಹೇಳೋರು. ನಾನೂ ಕಮ್ಮಿಯೇನಲ್ಲ. "ನಿಮ್ಮಮ್ಮನಿಗೆ ಹೇಳಿ, ಉಪ್ಪಿನ ಡಬ್ಬಿ ಅಲ್ಲೇ ಇದೆ" ಅಂತ ಅದೇ ಗೋಡೆಗೆ ಹೇಳುತ್ತಿದ್ದೆ.

ಆ ಸಂಜೆ ಕಂಪ್ಯೂಟರ್ ಮುಂದೆ ಮೌಸು ಹಿಡಿದು ಕೂತು ನಾನು ಒಬ್ಬಳೇ ಗೊಣಗುತ್ತಿದ್ದೆ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಬಂದು ಹಿಂದೆ ನಿಂತರು. ಮಗನಿಗೆ ಹೇಳಿದರು, "ಇಸ್ಪೀಟ್ ಆಡಾಕ ಇಲಿ ಯಾಕ ಹಿಡೀಬೇಕಂತ ಆಕಿಗೆ ಕೇಳೋ."

ಯಜಮಾನರು ಪೇಪರಿನ ಹಿಂದಿನಿಂದಲೇ, "ನಮ್ಮವ್ವ ಇಪ್ಪತ್ತೆಂಟು ಆಡಿದ್ರೆ ಇಡೀ ಓಣಿ ಹೆದರ್ತಿತ್ತು" ಅಂದರು. ಹನ್ನೆರಡು ವರ್ಷದ ಸಂಸಾರದಲ್ಲಿ ಈ ಮನುಷ್ಯ ಈ ಸುದ್ದಿ ಹೇಳಿರಲಿಲ್ಲ ನೋಡಿ!

ಇಪ್ಪತ್ತೆಂಟು ಅಂದರೆ ನಮ್ಮ ಕಡೆಯ ಆಟ. ಅದೂ ನಾಲ್ಕು ಜನ, ಅದೂ ಜೋಡಿ, ಅದೂ ತುರುಪು. ಆದರೆ ಅದರಲ್ಲಿ ಗುಲಾಮನೇ ಎಲ್ಲಕ್ಕಿಂತ ದೊಡ್ಡವನು. ಅವನ ಕೆಳಗೆ ಒಂಬತ್ತು, ಆಮೇಲೆ ಎಕ್ಕ, ಹತ್ತು. ರಾಜ ರಾಣಿಯರನ್ನು ಕೇಳುವವರೇ ಇಲ್ಲ. ಬ್ರಿಜ್ಜಿನಲ್ಲಿ ಎಕ್ಕಕ್ಕೆ ನಾಲ್ಕು ಪಾಯಿಂಟು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು ಅಂತ ನಾನು ಹೇಳಿದ್ದೇ ತಡ, ಅತ್ತೆಗೆ ಸಿಟ್ಟೇ ಬಂತು.

"ಗುಲಾಮಗ ಬರೇ ಒಂದಾ? ಯಾವ ಹುಚ್ಚ ಮಾಡ್ಯಾನೋ ಈ ಆಟ! ರಾಣಿ ಬಂದು ಗುಲಾಮನ್ನ ಹೊಡೀತಾಳಂತ!" ಇದನ್ನು ಅವರು ಮಗನಿಗೂ ಹೇಳಲಿಲ್ಲ, ಗೋಡೆಗೂ ಹೇಳಲಿಲ್ಲ. ಕಂಪ್ಯೂಟರಿಗೆ ಹೇಳಿದರು.

ಹಾಗೆ ಶುರುವಾಯಿತು. ಶಿವಾಜಿನಗರಕ್ಕೆ ಹೋಗಿ ಎರಡು ಕಟ್ಟು ಎಲೆ ತಂದೆ. ಅಂಗಡಿಯ ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ದೀಪಾವಳಿಗೆ ಟೈಮ್ ಐತಲ್ಲಮ್ಮ" ಅಂದರು. ನನಗೆ ಬುದ್ಧಿ ಬಂದಿತ್ತು. ಬರೀ ಮೌಸಿನಲ್ಲಿ ಕಲಿತರೆ ಕೈ ಕಲಿಯುವುದಿಲ್ಲ. ಅದಕ್ಕೆ ಒಂದು ದಾರಿ ಮಾಡಿಕೊಂಡೆ. ಭಾನುವಾರ ಮಧ್ಯಾಹ್ನ ಪಾಠದ ಎಲೆಗಳು ಪರದೆಯ ಮೇಲೆ ಬಂದ ಕೂಡಲೇ, ಅವೇ ಎಲೆಗಳನ್ನು ಕಟ್ಟಿನಿಂದ ಆರಿಸಿ ಚಾಪೆಯ ಮೇಲೆ ನಾಲ್ಕು ಪಾಲು ಮಾಡುವುದು. ಅತ್ತೆಗೆ ಒಂದು, ನನಗೆ ಒಂದು, ಎದುರಾಳಿಗಳ ಎರಡು ಪಾಲು ಕಂಪ್ಯೂಟರಿನವು. ಅದು ಏನು ಹಾಕಿತು ಅಂತ ನೋಡಿ ನಾವು ಆ ಎಲೆ ಎತ್ತಿ ಹಾಕುವುದು, ನಾವು ಹಾಕಿದ್ದನ್ನು ನಾನು ಒತ್ತುವುದು. ಅತ್ತೆ ಕಂಪ್ಯೂಟರಿಗೆ ಹೇಳುವ ನೆಪದಲ್ಲಿ ನನಗೆ ಎಲೆ ಹಿಡಿಯುವುದನ್ನು ಕಲಿಸಿದರು. ಕೆಂಪಿನ ಪಕ್ಕ ಕಪ್ಪು, ಕಪ್ಪಿನ ಪಕ್ಕ ಕೆಂಪು. ಜಾತಿ ಮುಗಿಯಿತು ಅನ್ನಿಸಿದರೆ ಹೆಬ್ಬೆರಳಿನಿಂದ ಒಂದೊಂದೇ ಸರಿಸಿ ನೋಡು. ಈ ಎರಡು ಮಾತು ಯಾವ ಪಾಠದಲ್ಲೂ ಇರಲಿಲ್ಲ.

ನಾನು ಅವರಿಗೆ ಕಲಿಸಬೇಕಾದ್ದೂ ಇತ್ತು. ಮೊದಲನೆಯದು ಮೂಗು. ಇಪ್ಪತ್ತೆಂಟಿನಲ್ಲಿ ಕೈಗೆ ಗುಲಾಮ ಬಂದರೆ ಅವರು ಮೂಗು ತುರಿಸಿ ಜೊತೆಗಾರ್ತಿಗೆ ಸನ್ನೆ ಮಾಡೋರಂತೆ! "ಅತ್ತೀ, ಇದು ಮೋಸ, ಹೊರಗೆ ಹಾಕ್ತಾರೆ" ಅಂದರೆ, "ಓಣ್ಯಾಗ ಎಲ್ಲಾರೂ ಮಾಡ್ತಿದ್ರು, ಮೋಸ ಹೆಂಗಾತು?" ಅಂತ ಕಂಪ್ಯೂಟರನ್ನೇ ಕೇಳಿದರು. ಎರಡನೆಯದು, ಆ ಗುಲಾಮನ ಮೇಲಿನ ಪ್ರೀತಿ. ಎಷ್ಟು ಹೇಳಿದರೂ ರಾಜನನ್ನು ಬಿಸಾಕಿ ಗುಲಾಮನನ್ನು ಎದೆಗೆ ಅವಚಿಕೊಳ್ಳೋರು. ರಾಣಿ ಬಂದು ಗುಲಾಮನನ್ನು ಹೊಡೆದಾಗಲೆಲ್ಲ ನಾನು ಹಣೆ ಚಚ್ಚಿಕೊಳ್ಳುತ್ತಿದ್ದೆ. "ಎಷ್ಟು ಸಲ ಬಡ್ಕೊಳ್ಳಿ ನಾನು, ಒಂದೇ ಪಾಯಿಂಟು ಅವನಿಗೆ, ಒಂದೇ!" ಅಂತ ಕೂಗಿದರೆ ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕೋರು. ಅತ್ತೆ ಎಲೆ ಕೆಳಗಿಟ್ಟು ಒಳಗೆ ಹೋಗೋರು. ಅರ್ಧ ಗಂಟೆಯಲ್ಲಿ ಚಹಾ ಕುಡಿದು ಮತ್ತೆ ಬಂದು ಚಾಪೆಯ ಮೇಲೆ ಕೂರೋರು. ಆಟ ಬೇಕಿತ್ತು ಅವರಿಗೂ.

ಆನ್ಯುಯಲ್ ಡೇ ಭಾನುವಾರ ಬಂತು, ಇಬ್ಬರೂ ಬಸ್ಸಿನಲ್ಲಿ ಹೋದೆವು. ಅತ್ತೆ ಇಳಕಲ್ ಸೀರೆ ಉಟ್ಟು, ಸೆರಗು ತಲೆ ಮೇಲೆ ಹೊದ್ದಿದ್ದರು. ಕ್ಲಬ್ಬಿನವರು ಅವರನ್ನು ನೋಡಿದ್ದೇ ಗೌರವದಿಂದ ಎದ್ದು ನಿಂತು, ಕಾಫಿ ಕೊಟ್ಟು, "ಬನ್ನಿ ಅಮ್ಮ, ಇಲ್ಲಿ ಕೂತು ನೋಡಿ" ಅಂತ ಗೋಡೆ ಪಕ್ಕದ ಕುರ್ಚಿ ತೋರಿಸಿದರು. ಅತ್ತೆ ಕಾಫಿ ತಗೊಂಡು ನೇರ ಹೋಗಿ ಆಟದ ಮೇಜಿಗೆ ಕೂತರು.

ಮೊದಲ ಸುತ್ತಿನಲ್ಲಿ ಹೆಬ್ಬೆರಳಿನಿಂದ ಒಂದೊಂದೇ ಎಲೆ ಸರಿಸಿ ನೋಡಿ ನೋಡಿ ಆಡಿದೆ. ಗೆದ್ದೆವು. ಎರಡನೆಯದೂ ಗೆದ್ದೆವು. ಅತ್ತೆ ಇಂಗ್ಲಿಷಿನಲ್ಲಿ ಕಲಿತದ್ದು ಹತ್ತೋ ಹದಿನೈದೋ ಪದ, "ಪಾಸ್", "ಡಬಲ್" ಅಂತ. ಅದನ್ನು ಹೇಳುವಾಗ ಆ ಗತ್ತು ನೋಡಬೇಕಿತ್ತು! ಊಟದ ಹೊತ್ತಿಗೆ ಸುತ್ತ ಜನ ಸೇರತೊಡಗಿದರು. ಕೊನೆಗೆ ಉಳಿದದ್ದು ನಾವು ಮತ್ತು ಸೆಕ್ರೆಟರಿಯವರ ಜೋಡಿ. ಅಲ್ಲೂ ಏರಿಳಿತವಾಗಿ ಕಡೆಯ ಹಂಚಿಕೆಯ ಹೊತ್ತಿಗೆ ಲೆಕ್ಕ ಸರಿಸಮ.

ಕಡೆಯ ಆಟ. ಅತ್ತೆ ಎಲೆ ಜೋಡಿಸಿಕೊಂಡು ಇಸ್ಪೀಟು ಹೇಳಿದರು, ನಾನು ಏರಿಸಿದೆ, ಅವರು ಇನ್ನೂ ಏರಿಸಿ "ಫೋರ್ ಸ್ಪೇಡ್ಸ್" ಅಂದರು. ಅಂದರೆ ಹತ್ತು ಟ್ರಿಕ್ಕು ಬರಬೇಕು. ಬಂದರೆ ನಾವು ಗೆದ್ದೆವು, ಒಂಬತ್ತಕ್ಕೆ ನಿಂತರೆ ಅವರು ಗೆದ್ದರು. ಆಡುವವರು ಅತ್ತೆ. ಡಮ್ಮಿ ನಾನು!

ನನ್ನಂಥ ಬಾಯಿಬಡುಕಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇದೆಯೇ? ಎಲೆ ಬಿಡಿಸಿಟ್ಟು ಕೈ ಕಟ್ಟಿ ಕೂತೆ. ಕೆಮ್ಮುವ ಹಾಗಿಲ್ಲ, ಹುಬ್ಬು ಏರಿಸುವ ಹಾಗಿಲ್ಲ. ಅತ್ತೆ ಒಳ್ಳೇ ಆಡಿದರು. ತುರುಪು ಎಳೆದರು, ಒಂದು ಬಿಟ್ಟುಕೊಟ್ಟರು, ಒಂಬತ್ತು ಹೊಡೆದರು. ಆಗ ಆಟ ನನ್ನ ಎಲೆಗಳ ಕಡೆ ಸಿಕ್ಕಿಹಾಕಿಕೊಂಡಿತು. ನನ್ನ ಕಡೆ ಉಳಿದಿದ್ದು ಬರೀ ಸಣ್ಣ ಆಟೀನು. ಒಂದನ್ನು ಆಡಿದರು, ಸೆಕ್ರೆಟರಿ ದೊಡ್ಡ ಆಟೀನಿಂದ ಹೊಡೆದರು. ಇನ್ನು ಎಲ್ಲರ ಹತ್ತಿರ ಎರಡೆರಡು ಎಲೆ. ತುರುಪು ಎಲ್ಲ ಮುಗಿದಿದೆ. ಸೆಕ್ರೆಟರಿ ಇನ್ನೊಂದು ದೊಡ್ಡ ಆಟೀನು ಹಾಕಿದರು. ಅದೂ ಅವರದೇ. ಅತ್ತೆಯ ಹತ್ತಿರ ಆಟೀನು ಇಲ್ಲ, ಎರಡರಲ್ಲಿ ಒಂದನ್ನು ಬಿಸಾಕಿ ಒಂದನ್ನು ಉಳಿಸಿಕೊಳ್ಳಬೇಕು. ಆ ಉಳಿದ ಎಲೆ ಕಡೆಯ ಟ್ರಿಕ್ಕು ಹೊಡೆದರೆ ಹತ್ತು.

ಅತ್ತೆ ತುಂಬ ಹೊತ್ತು ನೋಡಿದರು. ಆಮೇಲೆ ಒಂದು ಎಲೆ ಎತ್ತಿ ಹಾಕಿದರು. ಕಳಾವರದ ರಾಜ!

ಕಳಾವರದ ಎಕ್ಕ ಆಗಲೇ ಹೋಗಿತ್ತು, ಆ ಜಾತಿಯಲ್ಲಿ ಅದೇ ಈಗ ಎಲ್ಲಕ್ಕಿಂತ ದೊಡ್ಡದು. ಅದನ್ನು ಬಿಸಾಕಿ ಕೈಯಲ್ಲಿ ಏನು ಉಳಿಸಿಕೊಂಡಿದ್ದಾರೆ ಅಂತ ನನಗೆ ಗೊತ್ತಾಗಿಹೋಯಿತು. ಗುಲಾಮ. ಹಾಳು ಗುಲಾಮ! ಅಷ್ಟು ಭಾನುವಾರ ಗಂಟಲು ಹರಿದುಕೊಂಡು ಹೇಳಿದ್ದೆಲ್ಲ ನೀರಲ್ಲಿ ಹೋಯಿತು, ಓಣಿಯ ಇಪ್ಪತ್ತೆಂಟೇ ಗೆದ್ದಿತು. ಕುರ್ಚಿಯೂ ಹೋಯಿತು, ಸೋಮವಾರದಿಂದ ಪಲ್ಯದ ಡಬ್ಬಿಯೇ ಗತಿ ಅಂದುಕೊಂಡೆ. "ಅಯ್ಯೋ ಅಜ್ಜಿ ರಾಜನ್ನೇ ಎಸೆದ್ಬಿಟ್ರು" ಅಂತ ಹಿಂದೆ ಯಾರೋ ನಕ್ಕರು. ನಾಲಿಗೆ ಕಚ್ಚಿಕೊಂಡು ಕೂತಿದ್ದ ನನಗೆ ಆಗ ಒಂದು ಕಂಡಿತು. ಎಲ್ಲರೂ ನಗುತ್ತಿದ್ದರು, ಸೆಕ್ರೆಟರಿ ಮಾತ್ರ ನಗುತ್ತಿರಲಿಲ್ಲ.

ಅವರು ತಮ್ಮ ಕಡೆಯ ಎಲೆಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು. ಡೈಮಂಡ್ ಹತ್ತು.

ಅತ್ತೆ ಅದರ ಮೇಲೆ ಡೈಮಂಡ್ ಗುಲಾಮನನ್ನು ಇಟ್ಟರು. ಇಟ್ಟು, ಎಲ್ಲರೂ ನೋಡುತ್ತಿದ್ದ ಹಾಗೆ, ಬಹಳ ಆರಾಮಾಗಿ ಮೂಗು ತುರಿಸಿಕೊಂಡರು.

ನಾನು ಕಿರುಚಿದ್ದು ಕೆಳಗಿನ ಕ್ಯಾಂಟೀನಿಗೂ ಕೇಳಿಸಿತಂತೆ. ಕೇಳಿಸಲಿ! ಕುರ್ಚಿ ಹಿಂದಕ್ಕೆ ಬಿತ್ತು, ನಾನು ಮೇಜು ಸುತ್ತಿ ಹೋಗಿ ಅತ್ತೆಯನ್ನು ಅಪ್ಪಿಕೊಂಡೆ. ಹನ್ನೆರಡು ವರ್ಷದಲ್ಲಿ ಅವರ ಕಾಲು ಮುಟ್ಟಿದ್ದೆ, ಹೆಗಲು ಮುಟ್ಟಿರಲಿಲ್ಲ. "ಬಿಡವಾ, ಸೆರಗು ಜಾರತೈತಿ" ಅಂದರು.

"ಅಮ್ಮ, ರಾಜನ್ನ ಯಾಕೆ ಬಿಟ್ರಿ?" ಅಂತ ಸೆಕ್ರೆಟರಿ ಕೇಳಿದರು. ನಿಜವಾಗಿಯೂ ಕೇಳಿದರು, ಅಣಕಿಸಲಿಲ್ಲ.

"ನೀವು ಆಗಳೇ ಕಳಾವರಕ್ಕ ಬ್ಯಾರೆ ಎಲಿ ಹಾಕಿದ್ರಲ್ಲರೀ. ನಿಮ್ಮ ಕೈಯಾಗ ಕಳಾವರ ಇಲ್ಲಂತ ಗೊತ್ತಾತು. ನೀವೇನು ಜಾತಿ ಇದ್ದೂ ತಪ್ಪು ಎಲಿ ಹಾಕೋರಲ್ಲ. ನಿಮ್ಮ ಕಡೀ ಎಲಿ ಆಟೀನಿದ್ರ ನಾ ಏನ್ ಇಟ್ಕೊಂಡ್ರೂ ಸೋತೆ. ಡೈಮಂಡ್ ಇದ್ರ? ಎಕ್ಕಾ, ರಾಜಾ, ರಾಣಿ ಮೂರೂ ಹೋಗ್ಯಾವ. ಉಳಿದವರೊಳಗ ಗುಲಾಮನ ದೊಡ್ಡಾಂವ." ಆಮೇಲೆ ಸುತ್ತ ನೋಡಿ, "ಒಂದು ಪಾಯಿಂಟಿನಾಂವ ಅಂತ ನನಗೂ ಗೊತ್ತೈತ್ರಿ. ನಮ್ಮ ಸೊಸಿ ಕಲಿಸ್ಯಾಳ. ಬೈದು ಬೈದು ಕಲಿಸ್ಯಾಳ" ಅಂದರು.

ಬಹುಮಾನದ ಕಪ್ಪು ಕೊಡುವಾಗ ಅತ್ತೆ ಅದನ್ನು ತಗೊಂಡು ತಿರುಗಿಸಿ ನೋಡಿ ನನ್ನ ಕೈಗೆ ದಾಟಿಸಿದರು. "ಇದರಾಗ ಚಾ ಸೈತ ಕುಡಿಯಾಕ ಬರಂಗಿಲ್ಲ. ಆಕಿಗೆ ಕುರ್ಚಿ ಕೊಡ್ತೀನಿ ಅಂದಿದ್ರಂತಲ್ಲ, ಅದನ್ನ ಕೊಡ್ರಿ" ಅಂತ ಸೆಕ್ರೆಟರಿಗೆ ಹೇಳಿದರು. ಕುರ್ಚಿಯ ಮಾತು ನಾನು ಅವರಿಗೆ ಹೇಳಿರಲಿಲ್ಲ. ಗಂಡನ ಹತ್ತಿರ ಹೇಳಿಕೊಂಡಿದ್ದೆ, ಅದು ಅವರಿಗೆ ಮುಟ್ಟಿತ್ತು.

ಸೋಮವಾರ ಡಬ್ಬಿ ಮುಗಿಸಿ ಹೋದೆ. ಸೆಕ್ರೆಟರಿ ಮಾತಿಗೆ ತಪ್ಪುವ ಮನುಷ್ಯರಲ್ಲ. ಎದ್ದು ಬಂದು ಕುರ್ಚಿ ಎಳೆದು ಹಾಕಿದರು. "ಕೂತ್ಕೊಳ್ಳಿ ಮೇಡಂ. ನನ್ನ ಎದುರಿಗೇ ಕೂತ್ಕೊಳ್ಳಿ, ಪಾರ್ಟ್ನರ್." ಗೋಡೆಯ ಆ ಕಡೆ ಟೈಪಿಸ್ಟು ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಕೆಂಪಿನ ಪಕ್ಕ ಕಪ್ಪು ಜೋಡಿಸಿಕೊಂಡು, ಬೇಕೆಂದೇ ಜೋರಾಗಿ, "ಟೂ ಹಾರ್ಟ್ಸ್" ಅಂದೆ.

ಸಂಜೆ ಮನೆಗೆ ಬಂದಾಗ ಯಜಮಾನರು ಪೇಪರ್ ಹಿಡಿದು ಕೂತಿದ್ದರು. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. ಅತ್ತೆ ಹಿಟ್ಟಿನ ಕೈಯಲ್ಲಿ ಬಾಗಿಲಿಗೆ ಬಂದರು. ಮಗ ಅಭ್ಯಾಸದಂತೆ ಪೇಪರ್ ಇಳಿಸಿ, ನನಗೆ ದಾಟಿಸಬೇಕಾದ ಮಾತಿಗೆ ಕಾದರು. ಅತ್ತೆ ಅವರ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡಿ ಕೇಳಿದರು, "ಏನವಾ, ಇವತ್ತ ಗುಲಾಮ ಎಷ್ಟು ಬಂದಿದ್ವು?"